ಶಬ್ದ ಸರಿಪಡಿಸಲಾಗಿದೆ

ಆರನೆಯ ತಗಡಿಗೆ ಬೋಲ್ಟಿನಲ್ಲಿ ಜಾಗವಿರಲಿಲ್ಲ. ಲಿಫ್ಟಿನ ಪೆಟ್ಟಿಗೆಯ ನೆತ್ತಿಯ ಮೇಲೆ, ನಾಲ್ಕನೆಯ ಮಹಡಿಯ ಮಟ್ಟದಲ್ಲಿ, ಹಣೆಗೆ ಟಾರ್ಚು ಕಟ್ಟಿಕೊಂಡು ಮೊಣಕಾಲೂರಿ ಕೂತಿದ್ದ ಮೆಕ್ಯಾನಿಕ್ ನಟ್ಟನ್ನು ಮೂರು ಸಲ ಕೂರಿಸಲು ನೋಡಿದ. ಮೂರು ಸಲವೂ ಅದು ಬೋಲ್ಟಿನ ತುದಿಗೆ ತಾಗಿ, ಕಚ್ಚಿಕೊಳ್ಳಲು ಎಳೆ ಸಿಗದೆ, ಅವನ ಬೆರಳಿಗೇ ವಾಪಸು ಬಂತು. "ಥೂ ನಿನ್ನ..." ಎಂದು ಬೈಯಲು ಹೋದವನು ಅರ್ಧಕ್ಕೇ ನಿಲ್ಲಿಸಿದ. ಈ ಒಂದೇ ಜಾಗಕ್ಕೆ ತಾನು ಐದು ತಗಡು ಕೊಟ್ಟಿದ್ದು ಅವನಿಗೆ ಗೊತ್ತಿಲ್ಲದ ಸಂಗತಿಯೇನಲ್ಲ. ಆದರೆ ಐದೂ ಒಟ್ಟಿಗೆ, ಒಂದರ ಬೆನ್ನಿಗೊಂದು ನಿಂತಿದ್ದನ್ನು, ಇವತ್ತೇ ಮೊದಲು ಗಮನವಿಟ್ಟು ನೋಡಿದ್ದು.

ಕೆಲಸ ಕಷ್ಟದ್ದಲ್ಲ. ಲಿಫ್ಟು ಏರಿಳಿಯುವುದು ಗೋಡೆಗೆ ಬಿಗಿದ ಎರಡು ಉಕ್ಕಿನ ಕಂಬಿಗಳ ನಡುವೆ. ಕಂಬಿ ಕೂದಲೆಳೆಯಷ್ಟು ಸರಿದರೂ ಪೆಟ್ಟಿಗೆ ಅದಕ್ಕೆ ಉಜ್ಜಿ ಕರ್ ಎನ್ನುತ್ತದೆ. ಆಗ ಕಂಬಿಗೂ ಗೋಡೆಯ ಹಿಡಿಕೆಗೂ ನಡುವೆ ನಾಣ್ಯದಷ್ಟು ದಪ್ಪದ ತಗಡು ತೂರಿಸಿ ಬಿಗಿದರೆ ಆಯಿತು. ಕಂಬಿ ನೆಟ್ಟಗೆ, ಲಿಫ್ಟು ತೆಪ್ಪಗೆ. ಹೊಸ ಕಟ್ಟಡವಾದರೆ ವರ್ಷಕ್ಕೆ ಒಂದು ತಗಡು ಬೇಕಾಗಬಹುದು. ಹನ್ನೆರಡು ವರ್ಷ ನಿಂತು ಗಟ್ಟಿಯಾದ ಕಟ್ಟಡಕ್ಕೆ ಒಂದೂ ಬೇಕಾಗಬಾರದು. ಇಲ್ಲಿ ಐದು ತಿಂಗಳಿಗೆ ಐದು ಹಿಡಿದಿತ್ತು.

ಪಕ್ಕದ ಸೈಟಿನಲ್ಲಿ ಹೊಂಡ ತೋಡಲು ಶುರುಮಾಡಿಯೂ ಐದು ತಿಂಗಳೇ ಆಗಿತ್ತು. ಅಲ್ಲಿ ನಲವತ್ತು ಮಹಡಿ ಏಳುತ್ತದಂತೆ; ಕಾರು ನಿಲ್ಲಿಸುವುದಕ್ಕೇ ನೆಲದ ಕೆಳಗೆ ನಾಲ್ಕು ಮಹಡಿಯಂತೆ. ಮೊದಮೊದಲು ಈ ಕಟ್ಟಡದವರು ಧೂಳು, ಗದ್ದಲ ಎಂದು ಕೂಗಾಡಿದರು. ಬಿಲ್ಡರ್ ಕಡೆಯವರು ಬಂದು, ಕೂತು, ನಯವಾಗಿ ಮಾತಾಡಿ, ಇಡೀ ಕಟ್ಟಡಕ್ಕೆ ಹೊಸ ಬಣ್ಣ ಹೊಡೆಸಿಕೊಟ್ಟರು. ಪಕ್ಕದಲ್ಲಿ ಅಷ್ಟು ದೊಡ್ಡದು ಎದ್ದರೆ ನಮ್ಮ ಮನೆಗಳ ಬೆಲೆಯೂ ಅದರ ಜೊತೆಗೇ ಏಳುತ್ತದೆ ಎಂದು ಯಾರೋ ಹೇಳಿದರು. ಅಲ್ಲಿಂದೀಚೆಗೆ ಧೂಳು ಯಾರ ಮೂಗಿಗೂ ಹೋಗಲಿಲ್ಲ. ಹೊಂಡದ ನೀರನ್ನು ಹೊರಗೆಳೆಯುವ ಪಂಪು ಹಗಲೂ ರಾತ್ರಿ ಓಡುತ್ತಿತ್ತು. ಮೊದಲು ತಿಳಿನೀರು ಕಕ್ಕುತ್ತಿದ್ದ ಅದರ ಕೊಳವೆ ಈಚೆಗೆ ಮರಳು ಬೆರೆತ ಬಗ್ಗಡ ಕಕ್ಕುತ್ತಿದ್ದುದನ್ನು ಮೆಕ್ಯಾನಿಕ್ ಬೆಳಿಗ್ಗೆ ಬರುವಾಗಲೇ ಕಂಡಿದ್ದ. ಬೂಟು ಕೆಸರಾಗದಂತೆ ದಾಟಿ ಬಂದಿದ್ದ, ಅಷ್ಟೇ.

ಐದು ಸಲವೂ ಅವನು ತಗಡು ಕೊಟ್ಟು, ಕೆಳಗಿನ ಸರ್ವಿಸ್ ಪುಸ್ತಕದಲ್ಲಿ 'ಶಬ್ದ ಸರಿಪಡಿಸಲಾಗಿದೆ' ಎಂದು ಬರೆದು ಸಹಿ ಹಾಕಿ ಹೋಗಿದ್ದ. ಶಬ್ದ ಯಾಕೆ ಬಂತು ಎಂದು ಬರೆಯಲು ಅದರಲ್ಲಿ ಜಾಗವೂ ಇರಲಿಲ್ಲ, ಕೇಳಿದವರೂ ಇರಲಿಲ್ಲ. ಸಾಲದ್ದಕ್ಕೆ ಕೈಕೆಲಸದ ಮೇಲೆ ಅವನಿಗೊಂದಿಷ್ಟು ಜಂಬವಿತ್ತು. ಪ್ರತಿ ಸಲ ಕೆಲಸ ಮುಗಿದ ಮೇಲೆ ಲೋಟದ ಅಂಚಿನವರೆಗೆ ನೀರು ತುಂಬಿ ಲಿಫ್ಟಿನ ನೆಲದ ಮೇಲಿಟ್ಟು ಏಳನೆಯ ಮಹಡಿಗೆ ಹೋಗಿ ಬರುತ್ತಿದ್ದ. ಒಂದು ಹನಿ ಚೆಲ್ಲುತ್ತಿರಲಿಲ್ಲ. ಮಕ್ಕಳು ಚಪ್ಪಾಳೆ ತಟ್ಟುತ್ತಿದ್ದವು, ದೊಡ್ಡವರು ತಲೆದೂಗುತ್ತಿದ್ದರು. ಕಟ್ಟಡದ ಮಕ್ಕಳಿಗೆಲ್ಲ ಅವನು ಲಿಫ್ಟ್ ಮಾಮ.

ಇವತ್ತೂ, ಆರನೆಯದು ಹಿಡಿಯದಿದ್ದಾಗ, ಅವನ ಕೈ ಮೊದಲು ಮಾಡಿದ್ದು ಹಳೆಯ ಚಾಳಿಯನ್ನೇ. ಇದ್ದ ಐದನ್ನು ಸುತ್ತಿಗೆಯಿಂದ ತಟ್ಟಿ ಕೂರಿಸಿತು, ಉಜ್ಜುವ ಅಂಚನ್ನು ಅರದಿಂದ ತಿಕ್ಕಿತು, ಕಂಬಿಗೆ ಗ್ರೀಸು ಬಳಿಯಿತು. ಲಿಫ್ಟು ಮೇಲೆ ಕೆಳಗೆ ಓಡಿತು, ಕಿವಿಗೊಟ್ಟರೂ ಶಬ್ದವಿಲ್ಲ. ಆದರೂ ಲೋಟಕ್ಕೆ ನೀರು ತುಂಬಲು ಹೋಗಲಿಲ್ಲ. ಚೀಲದ ತಳದಿಂದ, ಗೋಡೆಯ ನೇರ ನೋಡುವ ತೂಗುಗುಂಡನ್ನು ಹೊರತೆಗೆದ.

ಈ ಲಿಫ್ಟನ್ನು ಕೂರಿಸಿದವನೂ ಅವನೇ. ಆವತ್ತು ಮೇಲಿನ ಮೆಷೀನ್ ಕೋಣೆಯ ಕೊಕ್ಕೆಯಿಂದ ದಾರ ಇಳಿಬಿಟ್ಟು, ಗುಂಡಿನ ಮೊನೆ ನಿಂತ ಜಾಗದಲ್ಲಿ, ಲಿಫ್ಟಿನ ತಳದ ಸಿಮೆಂಟಿನಲ್ಲಿ, ಉಳಿಯಿಂದ ಒಂದು ಗುರುತು ಕೊರೆದಿದ್ದ. ಈಗ ಅದೇ ಕೊಕ್ಕೆಗೆ ನೈಲಾನ್ ದಾರ ಕಟ್ಟಿ ಇಳಿಬಿಟ್ಟು, ಮೆಟ್ಟಿಲಿಳಿದು ಬಂದು, ತಳದ ಕತ್ತಲಿಗೆ ಇಳಿದು, ಗುಂಡು ಓಲಾಡುವುದು ನಿಲ್ಲುವವರೆಗೆ ಕುಕ್ಕುರುಗಾಲಿನಲ್ಲಿ ಕೂತ. ನಿಂತಿತು. ಗುರುತು ಇತ್ತ, ಮೊನೆ ಅತ್ತ. ನಡುವೆ ಬೆರಳಿಟ್ಟು ನೋಡಿದ. ಮೂರು ಬೆರಳು, ಹೊಂಡದ ಕಡೆಗೆ.

'ಯಾವತ್ತೋ ಆಗಿದ್ದಿರಬಹುದು, ನಾನೇ ತಪ್ಪು ಕೊರೆದಿರಬಹುದು' ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಆದರೂ ಮೊನೆಯ ಕೆಳಗೆ ಪೆನ್ಸಿಲಿನಿಂದ ಒಂದು ಚುಕ್ಕೆ ಇಟ್ಟ. ಸುತ್ತಿಗೆ, ಸ್ಪ್ಯಾನರು, ಗ್ರೀಸಿನ ಡಬ್ಬಿ, ಎಲ್ಲವನ್ನೂ ಒರೆಸಿ ಒರೆಸಿ ಚೀಲಕ್ಕೆ ತುಂಬಿದ. ಬೇಕೆಂದೇ ನಿಧಾನ ಮಾಡಿದ. ಇಪ್ಪತ್ತು ನಿಮಿಷ ಕಳೆದಿರಬೇಕು. ಟಾರ್ಚು ತಿರುಗಿಸಿ ನೋಡಿದರೆ ಚುಕ್ಕೆಗೂ ಮೊನೆಗೂ ನಡುವೆ ಒಂದು ಬೆಂಕಿಕಡ್ಡಿ ಹಿಡಿಯುವಷ್ಟು ಸಂದು. ಗಾಳಿಯಿರಲಿಲ್ಲ. ದಾರ ಅಲುಗುತ್ತಿರಲಿಲ್ಲ. ಗುಂಡು ಇದ್ದಲ್ಲೇ ಇತ್ತು, ಸರಿದದ್ದು ಅದಲ್ಲ.

ಮೊದಲು ಬಂದ ಯೋಚನೆ ಓಡಿಹೋಗುವುದು, ಅದನ್ನು ಮುಚ್ಚಿಡುವುದೇಕೆ. ಚೀಲ ಹೆಗಲಿಗೇರಿಸಿ, ರಸ್ತೆ ದಾಟಿ, ಮೊದಲು ಸಿಕ್ಕಿದ ಬಸ್ಸು ಹತ್ತುವುದು. ಎರಡನೆಯ ಯೋಚನೆ ಅವನನ್ನು ತಡೆಯಿತು. ಐದನೆಯ ಮಹಡಿಯಲ್ಲಿ ಅಕ್ಕ ಇದ್ದಳು. ಈ ಮನೆ ಹುಡುಕಿಕೊಟ್ಟವನೂ ಅವನೇ. ಅಕ್ಕ ಅಲ್ಲಿ ಕೆಲಸಕ್ಕೆ ಹೋಗುವ ತಾಯಂದಿರ ಮಕ್ಕಳನ್ನು ಹಗಲು ಹೊತ್ತು ನೋಡಿಕೊಳ್ಳುತ್ತಿದ್ದಳು. ಗಂಟೆ ಹನ್ನೆರಡೂವರೆ. ಈ ಹೊತ್ತಿಗೆ ಹನ್ನೊಂದು ಮಕ್ಕಳೂ ಉಂಡು ಮಲಗಿರುತ್ತವೆ.

ಹೆದರಿಕೆಯಲ್ಲೂ ಕೈ ತನ್ನ ಅಭ್ಯಾಸ ಬಿಡಲಿಲ್ಲ. ಇಳಿಬಿಟ್ಟ ದಾರ ಲಿಫ್ಟಿಗೆ ಸಿಕ್ಕಿಕೊಂಡೀತೆಂದು ಮೊದಲು ಮೆಷೀನ್ ಕೋಣೆಗೆ ಓಡಿ, ಗುಂಡಿನ ಸಮೇತ ದಾರ ಮೇಲೆಳೆದು, ಮೊಣಕೈಗೆ ಸುತ್ತಿಕೊಂಡು, ಆಮೇಲೆ ಐದನೆಯ ಮಹಡಿಗೆ ಇಳಿದು ಅಕ್ಕನ ಬಾಗಿಲು ತಟ್ಟಿದ.

"ಯಾಕೋ, ಮುಖ ಹಿಂಗಾಗಿದೆ? ಕರೆಂಟ್ ಹೊಡೀತಾ?" ಎಂದಳು ಅಕ್ಕ, ಪಿಸುದನಿಯಲ್ಲಿ.

"ಅಕ್ಕ, ಮಕ್ಕಳನ್ನ ಎಬ್ಬಿಸು."

"ಎಬ್ಬಿಸ್ಬೇಕಂತೆ! ಈಗ ತಾನೇ ಮಲಗಿದಾವೆ ಕಣೋ. ಒಂದನ್ನ ಮಲಗಿಸಿದ್ರೆ ಇನ್ನೊಂದು ಏಳುತ್ತೆ. ನನ್ನ ಸೊಂಟ ಬಿದ್ದುಹೋಗಿದೆ. ಮೆತ್ತಗೆ ಮಾತಾಡು."

"ಕಟ್ಟಡ ವಾಲ್ತಾ ಇದೆ."

ಅಕ್ಕ ಅವನನ್ನೇ ನೋಡಿದಳು. ಚಿಕ್ಕಂದಿನಿಂದ ಅವನ ಸುಳ್ಳನ್ನೂ ನಿಜವನ್ನೂ ಮುಖದಲ್ಲೇ ಓದಿದವಳು. "ಎಷ್ಟು?" ಎಂದಳು.

"ಮೂರು ಬೆರಳು."

"ಅಯ್ಯೋ, ಮೂರು ಬೆರಳಾ? ಅಷ್ಟಕ್ಕೆ ಹಿಂಗೆ ಎದ್ದೂಬಿದ್ದು ಬಂದ್ಯಾ? ನಾನೇನೋ ಅಂದ್ಕೊಂಡೆ."

"ಅಕ್ಕ, ನಾನು ಕೆಳಗೆ ಕೂತಿದ್ದಾಗಲೇ ಇನ್ನೊಂಚೂರು ಹೋಯ್ತು. ನಾವು ಹಿಂಗೆ ಮಾತಾಡ್ತಾ ನಿಂತಿರೋವಾಗಲೂ ಹೋಗ್ತಾ ಇದೆ."

"ಹೋದ ತಿಂಗಳು ನೀನೇ ಅಲ್ವೇನೋ ಎಲ್ಲ ಸರಿಯಾಗಿದೆ ಅಂದೋನು?"

"ಲಿಫ್ಟ್ ಸರಿಯಾಗಿದೆ ಅಂದೆ," ಎಂದ ಮೆಕ್ಯಾನಿಕ್. "ನಾನು ಬರೀ ಲಿಫ್ಟ್ ನೋಡ್ದೆ."

ಅಕ್ಕ ಏನೋ ಹೇಳಲು ಬಾಯಿ ತೆರೆದವಳು ಕೋಣೆಯ ಮೂಲೆಯತ್ತ ತಿರುಗಿದಳು. ಚಾಪೆಗಳ ಮೇಲೆ ಮಕ್ಕಳು ಅಡ್ಡಾದಿಡ್ಡಿಯಾಗಿ ನಿದ್ದೆಹೋಗಿದ್ದವು. ಹೊಂಡದ ಕಡೆಯ ಕಿಟಕಿಯ ಕೆಳಗೆ, ಆ ಮೂಲೆಯಲ್ಲಿ, ಮಕ್ಕಳ ಚೆಂಡುಗಳು ಗುಂಪಾಗಿ ಬಿದ್ದಿದ್ದವು. ಕೆಂಪು, ಹಳದಿ, ಸಣ್ಣದು, ದೊಡ್ಡದು, ಜೊತೆಗೆ ಒಂದು ಹಾಲಿನ ಬಾಟಲಿ. ಎಲ್ಲಿ ಬಿಟ್ಟರೂ ಚೆಂಡು ಉರುಳಿಕೊಂಡು ಅಲ್ಲಿಗೇ ಹೋಗುತ್ತದೆ, ಅದಕ್ಕೆ ಆ ಮೂಲೆ ಕಂಡರೆ ಪ್ರೀತಿ ಎಂದು ಅವಳೂ ಮಕ್ಕಳೂ ಎರಡು ತಿಂಗಳಿಂದ ಆಡಿಕೊಂಡು ನಗುತ್ತಿದ್ದರು. ಅಕ್ಕ ಬಗ್ಗಿ, ಹತ್ತಿರದ ಮಗುವಿನ ಬೆನ್ನು ತಟ್ಟಿದಳು.

ಎಬ್ಬಿಸುವುದೇನೋ ಎಬ್ಬಿಸಿದರು, ಇಳಿಸುವುದು ಹೇಗೆ? ಲಿಫ್ಟಿನ ಹೆಸರೆತ್ತಲು ಮೆಕ್ಯಾನಿಕ್ ಬಿಡಲಿಲ್ಲ. ನಿದ್ದೆಗಣ್ಣಿನ ಮಕ್ಕಳು ಐದು ಮಹಡಿ ಇಳಿಯುವಾಗ ಒಂದು ಮುಗ್ಗರಿಸಿದರೆ ಮುಂದಿನವೆಲ್ಲ ಉರುಳುತ್ತವೆ. ಎತ್ತಿಕೊಂಡು ಹೋಗೋಣವೆಂದರೆ ಇಬ್ಬರಿಗೆ ನಾಲ್ಕೇ ಕೈ. ಅವನು ಮೊಣಕೈಗೆ ಸುತ್ತಿದ್ದ ದಾರ ಬಿಚ್ಚಿ, ಗುಂಡನ್ನು ಕಳಚಿ ಚೀಲಕ್ಕೆಸೆದು, ಮಾರಿಗೊಂದರಂತೆ ದಪ್ಪ ಗಂಟು ಹಾಕತೊಡಗಿದ. ದಿನವೂ ಕಣ್ಣು ಮುಚ್ಚಿಕೊಂಡು ಗಂಟು ಹಾಕುವ ಬೆರಳುಗಳು ಇವತ್ತು ಒಂದೊಂದಕ್ಕೂ ತಡಕಾಡಿದವು. ಎಣಿಸುತ್ತಲೇ ಹಾಕಿದರೂ ಕೊನೆಗೆ ನೋಡಿದರೆ ಹನ್ನೆರಡಾಗಿತ್ತು.

"ರೈಲು ಆಟ," ಎಂದು ಅಕ್ಕ ನಗುವ ಪ್ರಯತ್ನ ಮಾಡಿದಳು. "ಒಬ್ಬೊಬ್ರಿಗೂ ಒಂದೊಂದು ಗಂಟು. ಯಾರು ಗಂಟು ಬಿಡ್ತಾರೋ ಅವ್ರು ಔಟ್. ಲಿಫ್ಟ್ ಮಾಮ ಹೇಳೋವರೆಗೂ ಬಿಡೋ ಹಾಗಿಲ್ಲ. ಗೊತ್ತಾಯ್ತಾ?"

ಮುಂದೆ ಅವನು, ಹಿಂದೆ ಅಕ್ಕ, ನಡುವೆ ಹನ್ನೊಂದು ಗಂಟುಗಳ ರೈಲು. ಎರಡನೆಯ ಗಂಟಿನ ಹುಡುಗಿ ಕೂ ಎಂದು ಕೂಗಿತು. ಆ ಕೂಗು ಮೆಟ್ಟಿಲಿನ ಬಾವಿಯಲ್ಲಿ ಮೇಲೆ ಕೆಳಗೆ ಓಡಾಡಿತು. ಮೆಕ್ಯಾನಿಕ್‌ಗೆ ಅದರ ಹಿಂದೆ ಇನ್ನೇನೋ ಲಟಕ್ಕೆಂದಂತೆ ಕೇಳಿಸಿತು. ಬೇಗ ಎನ್ನಲು ಭಯ, ನಿಧಾನ ಎನ್ನಲು ಅದಕ್ಕಿಂತ ಭಯ. ಗೋಡೆಯ ಮೇಲೆ ಹೊಸ ಬಣ್ಣ ಮಿರಮಿರ ಹೊಳೆಯುತ್ತಿತ್ತು. ಬೆಳಿಗ್ಗೆ ಇದೇ ಮೆಟ್ಟಿಲಿನಲ್ಲಿ ಕಾಣದಿದ್ದ ಸಣ್ಣ ಗೆರೆಯೊಂದು ಈಗ ಆ ಬಣ್ಣದೊಳಗೆ, ಅವನ ಜೊತೆಜೊತೆಗೇ ಕೆಳಗಿಳಿಯುತ್ತಿತ್ತು. ಅದು ಕೂದಲೋ ಬಿರುಕೋ ಎಂದು ಮುಟ್ಟಿ ನೋಡುವ ಧೈರ್ಯ ಅವನಿಗೆ ಬರಲಿಲ್ಲ.

ನಾಲ್ಕನೆಯ ಮಹಡಿಯಲ್ಲಿ ಬಡಗಿಯೊಬ್ಬ ಮುಂಬಾಗಿಲಿನ ಅಂಚಿಗೆ ಉಜ್ಜುಗೊರಡು ಹಾಕುತ್ತಿದ್ದ. ಆ ಮನೆಯ ಯಜಮಾನರು, ಬ್ಯಾಂಕಿನವರು, ಸೊಂಟಕ್ಕೆ ಕೈಕೊಟ್ಟು ನಿಂತಿದ್ದರು. "ಏನು ರೈಲು ಹೊತ್ತಲ್ಲದ ಹೊತ್ತಲ್ಲಿ ಬಿಟ್ಟಿದೆ?" ಎಂದು ನಕ್ಕರು.

"ಬಾಗಿಲು ಹಿಡೀತಾ ಇದೆಯಾ ಸಾರ್?" ಎಂದು ಮೆಕ್ಯಾನಿಕ್ ನಿಂತಲ್ಲೇ ಕೇಳಿದ.

"ತೇವಕ್ಕೆ ಮರ ಉಬ್ಬುತ್ತಲ್ಲಪ್ಪ. ಇದು ಮೂರನೇ ಸಲ ಕೆತ್ತಿಸ್ತಾ ಇರೋದು. ಹಿಂಗೇ ಆದ್ರೆ ಬಾಗಿಲಿಗೆ ಬದಲು ಪರದೆ ಹಾಕ್ಕೊಬೇಕು."

"ಮರ ಉಬ್ಬಿಲ್ಲ ಸಾರ್. ಚೌಕಟ್ಟೇ ಸೊಟ್ಟಗಾಗಿದೆ. ಮನೇಲಿರೋರನ್ನ ಕರ್ಕೊಂಡು ಕೆಳಗೆ ಬನ್ನಿ. ಬೀಗ ಹಾಕೋಕೂ ನಿಲ್ಬೇಡಿ."

ಬ್ಯಾಂಕಿನವರು ನಗುತ್ತಲೇ ಚೌಕಟ್ಟನ್ನು ನೋಡಿದರು. ಆಮೇಲೆ ನೆಲದ ಮೇಲೆ ಬಿದ್ದಿದ್ದ ಹೊಟ್ಟನ್ನು ನೋಡಿದರು. ಮೂರು ಸಲದ ಕೆತ್ತನೆಗೆ ಬಾಗಿಲಿನ ಮೇಲಂಚು ಒಂದು ಬದಿಗೆ ಬೆರಳಗಲ ಸವೆದಿತ್ತು, ಇನ್ನೊಂದು ಬದಿಗೆ ಇದ್ದ ಹಾಗೇ ಇತ್ತು. ಬಡಗಿ ಉಜ್ಜುಗೊರಡು ಕೆಳಗಿಟ್ಟ.

ಕೆಳಗಿನ ಹಜಾರದಲ್ಲಿ ನಿವಾಸಿಗಳ ಸಂಘದ ಕಾರ್ಯದರ್ಶಿಗಳು ಮೇಜಿನ ಹಿಂದೆ ಪೇಪರು ಓದುತ್ತ ಕೂತಿದ್ದರು. ಮೂವತ್ತು ವರ್ಷ ಮೇಷ್ಟರಾಗಿದ್ದವರು. ನಿವೃತ್ತಿಯಾದ ಮೇಲೆ ಈ ಕಟ್ಟಡವನ್ನೇ ತರಗತಿ ಮಾಡಿಕೊಂಡಿದ್ದರು. ಕೆಟ್ಟವರಲ್ಲ. ಒಂದು ಬಲ್ಬು ಹೋದರೆ ಊಟ ಬಿಟ್ಟು ಎದ್ದುಬರುವವರು. ಬಿಲ್ಡರ್ ಹತ್ತಿರ ಹಟ ಹಿಡಿದು ಬಣ್ಣ ಹೊಡೆಸಿದ್ದು ತಮ್ಮ ಸಾಧನೆ ಎಂದು ನಂಬಿದ್ದರು.

"ಸಾರ್, ಎಲ್ಲರನ್ನೂ ಹೊರಗೆ ಕರೀರಿ. ಕಟ್ಟಡ ಹೊಂಡದ ಕಡೆ ವಾಲ್ತಾ ಇದೆ," ಎಂದ ಮೆಕ್ಯಾನಿಕ್. ಅಕ್ಕ ಮಕ್ಕಳನ್ನು ನಡೆಸಿಕೊಂಡು ರಸ್ತೆಯಾಚೆ ಹೋಗುತ್ತಲೇ ಅಗ್ನಿಶಾಮಕದವರಿಗೆ ಫೋನು ಹಚ್ಚಿದ್ದಳು.

ಕಾರ್ಯದರ್ಶಿಗಳು ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡು, ಹೊರಗೆ ಹೋಗಿ, ಒಂದು ಕಣ್ಣು ಮುಚ್ಚಿ ಕಟ್ಟಡವನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದರು. "ನನಗೇನೋ ನೆಟ್ಟಗೇ ಕಾಣುತ್ತೆ," ಎಂದರು. "ನೀನೇನು ಇಂಜಿನಿಯರಾ?"

"ಅಲ್ಲ ಸಾರ್."

"ಹದಿನೈದು ದಿನದ ಕೆಳಗೆ ಬಿಲ್ಡರ್ ಕಡೆ ಇಂಜಿನಿಯರೇ ಬಂದಿದ್ರು. ಲಿಫ್ಟಲ್ಲೇ ಮೇಲಿನವರೆಗೂ ಹೋಗಿ ಬಂದ್ರು. 'ಹೊಸಾ ಲಿಫ್ಟಿನ ಥರ ಇದೆಯಲ್ಲ ಸಾರ್, ಕಟ್ಟಡ ಗಟ್ಟಿಯಾಗಿದೆ' ಅಂದ್ರು. ಅವ್ರಿಗಿಂತ ನಿನಗೆ ಗೊತ್ತಾ?"

ಆ ಇಂಜಿನಿಯರನ್ನು ನಂಬಿಸಿದ್ದು ತನ್ನ ತಗಡುಗಳೇ ಎಂಬುದು ಮೆಕ್ಯಾನಿಕ್‌ಗೆ ಅರ್ಥವಾಯಿತು. ಅಷ್ಟರಲ್ಲಿ ಜನ ಸೇರಿದ್ದರು. ಬ್ಯಾಂಕಿನವರು, ಬಡಗಿ, ಅಂಗಡಿಗೆ ಹೊರಟವರು, ಅಕ್ಕನ ಫೋನು ಬಂತೆಂದು ಹತ್ತಿರದ ಕೆಲಸದಿಂದ ಓಡಿಬಂದ ಇಬ್ಬರು ತಾಯಂದಿರು. ಕಾರ್ಯದರ್ಶಿಗಳು ಒಳಗೆ ಬಂದು ಡ್ರಾಯರಿನಿಂದ ಸರ್ವಿಸ್ ಪುಸ್ತಕ ತೆಗೆದು, ಎಲ್ಲರಿಗೂ ಕೇಳುವಂತೆ, ಪಾಠ ಓದುವ ದನಿಯಲ್ಲಿ ಓದಿದರು. "ಶಬ್ದ ಸರಿಪಡಿಸಲಾಗಿದೆ. ಶಬ್ದ ಸರಿಪಡಿಸಲಾಗಿದೆ. ಶಬ್ದ ಸರಿಪಡಿಸಲಾಗಿದೆ. ಐದು ತಿಂಗಳು, ಐದು ಸಲ. ಸಹಿ ಯಾರದಪ್ಪಾ?"

"ನಂದೇ."

"ಹಾಗಾದ್ರೆ ಆವತ್ತು ಬರೆದದ್ದು ಸುಳ್ಳಾ, ಇವತ್ತು ಹೇಳ್ತಿರೋದು ಸುಳ್ಳಾ?"

ಎರಡೂ ನಿಜ ಎನ್ನಬೇಕಿತ್ತು. ಅವನು ಸಹಿಯನ್ನೇ ನೋಡುತ್ತ ನಿಂತದ್ದನ್ನು ಕಂಡು ಗುಂಪಿನಲ್ಲಿ ಯಾರೋ ಕಿಸಕ್ಕೆಂದರು. ಕಾರ್ಯದರ್ಶಿಗಳು ಮೇಜಿನ ಮೇಲಿದ್ದ ಲೋಟಕ್ಕೆ ಅಂಚಿನವರೆಗೆ ನೀರು ತುಂಬಿ, ಹುಷಾರಾಗಿ ಹಿಡಿದುಕೊಂಡು ಲಿಫ್ಟಿನೊಳಗೆ ಹೋದರು. "ನಿನ್ನದೇ ಪರೀಕ್ಷೆ. ನೋಡೋಣ," ಎಂದು ಲೋಟವನ್ನು ನೆಲದ ಮೇಲಿಟ್ಟು ಏಳನ್ನು ಒತ್ತಿದರು. ಬಾಗಿಲು ಮುಚ್ಚಿತು.

ಬಾಗಿಲ ಮೇಲಿನ ಕೆಂಪು ಅಂಕಿ ಒಂದಾಯಿತು, ಎರಡಾಯಿತು, ಮೂರಾಯಿತು. ನಾಲ್ಕಕ್ಕೆ ಬಂದಾಗ ಮೆಕ್ಯಾನಿಕ್ ಕಣ್ಣು ಮುಚ್ಚಿದ. ನಿಲ್ಲಲಿ, ಒಂದು ಸಲ ಕರ್ ಎನ್ನಲಿ ಎಂದು ಅವನೊಳಗೆ ಯಾರೋ ಬೇಡಿಕೊಳ್ಳುತ್ತಿದ್ದರು. ಒಳಗಿರುವುದು ಒಬ್ಬ ವಯಸ್ಸಾದ ಮನುಷ್ಯ ಎಂದು ನೆನಪಾಗಿ ತನ್ನ ಮೇಲೆ ತನಗೇ ಅಸಹ್ಯವಾಯಿತು. ಐದು, ಆರು, ಏಳು. ಮತ್ತೆ ಆರು, ಐದು. ಲಿಫ್ಟು ಎಲ್ಲೂ ಉಸಿರೆತ್ತದೆ ಬಂದು ನಿಂತಿತು. ಕಾರ್ಯದರ್ಶಿಗಳು ಲೋಟ ಎತ್ತಿ ಎಲ್ಲರಿಗೂ ತೋರಿಸಿದರು. ನೀರು ಅಂಚಿನಲ್ಲೇ ಇತ್ತು. ಒಂದು ಹನಿ ಚೆಲ್ಲಿರಲಿಲ್ಲ.

ಚಪ್ಪಾಳೆ ಬಿತ್ತು. ಹೆದರಿದ್ದವರೇ ಜೋರಾಗಿ ನಕ್ಕರು. "ನಮ್ಮ ಲಿಫ್ಟ್ ಮಾಮ ಲಿಫ್ಟ್ ಮೇಲೆ ಕೂತು ಕನಸು ಕಂಡಿರ್ಬೇಕು," ಎಂದು ಒಬ್ಬರು ಅಂದರು. ಇಬ್ಬರು ತಾಯಂದಿರಲ್ಲಿ ಒಬ್ಬಾಕೆ ರಸ್ತೆಯಾಚೆಯಿಂದ ಆಗಲೇ ತನ್ನ ಮಗನನ್ನು ಎತ್ತಿಕೊಂಡು ಬಂದಿದ್ದಳು. ಮಗು ಗಂಟು ಬಿಡಿಸಿದ್ದಕ್ಕೆ, ತಾನು ಔಟಾದೆನೆಂದು, ಅಳುತ್ತಿತ್ತು. "ಈ ಬಿಸಿಲಲ್ಲಿ ಮಕ್ಕಳನ್ನ ರಸ್ತೇಲಿ ನಿಲ್ಲಿಸಿದೀರಲ್ಲ, ಇವನು ಅರ್ಧ ನಿದ್ದೆಯಲ್ಲಿದಾನೆ," ಎಂದು ಗೊಣಗುತ್ತ ಅವಳು ಲಿಫ್ಟಿನ ಕಡೆ ನಡೆದಳು. "ನಿಮ್ಮಕ್ಕನಿಗೆ ಹೇಳಿ, ಉಳಿದವನ್ನೂ ಕರ್ಕೊಂಡು ಬರ್ಲಿ. ಮೇಲೆ ಮಲಗಿಸೋಣ."

ಮೆಕ್ಯಾನಿಕ್ ಲಿಫ್ಟಿನ ಬಾಗಿಲಿಗೆ ಅಡ್ಡ ನಿಂತ. ಅವನು ಜೀವಮಾನದಲ್ಲಿ ಯಾರ ದಾರಿಗೂ ಅಡ್ಡ ನಿಂತವನಲ್ಲ. "ಹತ್ತು ನಿಮಿಷ ತಾಯಿ," ಎಂದ. "ಕೈಮುಗೀತೀನಿ. ಹತ್ತೇ ನಿಮಿಷ. ಆಮೇಲೆ ನೀವು ಹೇಳಿದ ಹಾಗೆ." ಅವಳು ಅವನ ಮುಖ ಕಂಡು ಒಂದು ಹೆಜ್ಜೆ ಹಿಂದೆ ಸರಿದಳು. ಅವನು ಚೀಲ ಎತ್ತಿಕೊಂಡು ಮತ್ತೆ ಮೆಟ್ಟಿಲು ಹತ್ತಿದ.

ಲಿಫ್ಟಿನ ಪೆಟ್ಟಿಗೆಯನ್ನು ನಾಲ್ಕರ ಮಟ್ಟಕ್ಕೆ ತಂದು, ಅದರ ನೆತ್ತಿಯ ಮೇಲೆ ಇಳಿದ. ಇಪ್ಪತ್ತೆರಡು ವರ್ಷ ಇಂಥ ಬಾವಿಗಳಲ್ಲೇ ಬದುಕಿದವನಿಗೆ ಕತ್ತಲು ಹೊಸದಲ್ಲ, ಎತ್ತರ ಹೊಸದಲ್ಲ. ಗೋಡೆ ಹೊಸದಾಗಿತ್ತು. ಗೋಡೆಗೆ ಬೆನ್ನು ಕೊಡಲು ಅವನಿಗೆ ಹೆದರಿಕೆಯಾಯಿತು. ಎಲ್ಲೋ ಮೇಲಿನಿಂದ ಸಿಮೆಂಟಿನ ಹುಡಿ ಒಂದು ಚಿಟಿಕೆ ಉದುರಿ ಅವನ ಮುಂಗೈ ಮೇಲೆ ಬಿತ್ತು. ಅಮ್ಮಾ ಎಂದ, ಗಟ್ಟಿಯಾಗಿಯೇ. ಸ್ಪ್ಯಾನರು ಹಾಕಿ ಬೋಲ್ಟು ಸಡಿಲಿಸಿದ.

ಮೊದಲನೆಯ ತಗಡು ಸಲೀಸಾಗಿ ಬಂತು. ಎರಡು, ಮೂರು. ಹೊಳೆಯುವಂತೆ ತಿಕ್ಕಿ, ಅಂಚು ಸವರಿ, ಎಷ್ಟು ಅಕ್ಕರೆಯಿಂದ ಕೊಟ್ಟಿದ್ದ ತಗಡುಗಳು! ಒಂದೊಂದಕ್ಕೂ ಒಂದೊಂದು ತಿಂಗಳು. ಒಂದೊಂದು ತಿಂಗಳೂ ಕಟ್ಟಡ ತನಗೆ ತಿಳಿದ ಒಂದೇ ಭಾಷೆಯಲ್ಲಿ ಕರ್ ಎಂದು ಹೇಳಿದಾಗ ತಾನು ಅದರ ಬಾಯಿ ಮುಚ್ಚಿಸಿದ್ದೆ ಎಂದು ಈಗ ಹೊಳೆಯಿತು. ಐದನೆಯದು ಗೋಡೆಯ ಒತ್ತಡಕ್ಕೆ ಸಿಕ್ಕಿ ಬಾಗಿತ್ತು. ಇಕ್ಕಳ ಹಾಕಿ ಎಳೆದಾಗ ಕಂಬಿ ಠಣ್ಣೆಂದು ಒಳಕ್ಕೆ ಜಿಗಿಯಿತು. ಆ ಏಟಿಗೆ ಅವನ ಹಲ್ಲು ಜುಮ್ಮೆಂದವು. ಬೋಲ್ಟು ಬಿಗಿದು, ಪೆಟ್ಟಿಗೆಯ ಮೇಲೆ ಕೂತೇ ಕೆಳಗಿಳಿದು ಬಂದ.

ಕಾರ್ಯದರ್ಶಿಗಳ ಕೈಯಿಂದ ಅದೇ ಲೋಟವನ್ನು ಈಸಿಕೊಂಡು ಖಾಲಿ ಲಿಫ್ಟಿನ ನಡುವೆ ಇಟ್ಟ. ಏಳನ್ನು ಒತ್ತಿ ಹೊರಗೆ ಬಂದ. "ಈಗ ಕೇಳಿ," ಎಂದ.

ಒಂದು. ಎರಡು. ಮೂರು. ಆಮೇಲೆ ಬಂದ ಶಬ್ದವನ್ನು ಆ ಹಜಾರದಲ್ಲಿದ್ದವರು ಕಿವಿಯಿಂದ ಕೇಳಲಿಲ್ಲ, ಕಾಲಿನಿಂದ ಕೇಳಿದರು. ಕಬ್ಬಿಣ ಕಬ್ಬಿಣವನ್ನು ಕಚ್ಚಿ ಎಳೆದಾಡಿದಂತೆ ಅದು ನೆಲದಿಂದ ಮೊಣಕಾಲಿಗೆ, ಮೊಣಕಾಲಿನಿಂದ ಹಲ್ಲಿಗೆ ಏರಿತು. ಎತ್ತಿಕೊಂಡಿದ್ದ ಮಗು ಬೆಚ್ಚಿ ತಾಯಿಯ ಕತ್ತು ಹಿಡಿದುಕೊಂಡಿತು. ಅಂಕಿ ನಾಲ್ಕರಲ್ಲಿ ಮಿಣುಕಿ ನಿಂತಿತು. ಲಿಫ್ಟು ಸಿಕ್ಕಿಕೊಂಡಿತ್ತು. ಮುಚ್ಚಿದ ಬಾಗಿಲಿನ ಹಿಂದೆ, ಮಗುಚಿದ ಲೋಟದ ನೀರು ಮೇಲಿನಿಂದ ತಳಕ್ಕೆ ಟಪ್, ಟಪ್ ಎಂದು ಬೀಳುವುದು ಎಲ್ಲರಿಗೂ ಕೇಳಿಸಿತು.

ಮೆಕ್ಯಾನಿಕ್ ಜೇಬಿನಿಂದ ಐದು ತಗಡುಗಳನ್ನು ತೆಗೆದು ಅಂಗೈಯಲ್ಲಿ ಹಿಡಿದ. "ಈ ಶಬ್ದ ಐದು ತಿಂಗಳಿಂದ ಇತ್ತು," ಎಂದ. "ಇವುಗಳಿಂದ ನಾನೇ ಮುಚ್ಚಿಟ್ಟಿದ್ದೆ. ಕಟ್ಟಡ ಸರೀತಾ ಬಂತು, ನಾನು ತಗಡು ಕೊಡ್ತಾ ಬಂದೆ. ತಪ್ಪು ನಂದೇ. ಬೈಯೋದು ಆಮೇಲೆ ಬೈಯಿರಿ. ಈಗ ಹೊರಗೆ ಹೋಗಿ."

"ನನ್ನ ಬಾಗಿಲು ಮೂರು ಸಲ ಕೆತ್ತಿಸಿದೀನಿ," ಎಂದರು ಬ್ಯಾಂಕಿನವರು, ಯಾರನ್ನೂ ನೋಡದೆ.

"ನಮ್ಮ ಕಿಟಕಿ ಗಾಜು ತಾನಾಗೇ ಸೀಳಿತ್ತು," ಎಂದು ಇನ್ನೊಬ್ಬರು ಅಂದರು. "ಬೇರೆ ಹಾಕಿಸಿಬಿಟ್ಟೆ."

ಕಾರ್ಯದರ್ಶಿಗಳು ಲಿಫ್ಟಿನ ಬಾಗಿಲನ್ನೇ ನೋಡುತ್ತಿದ್ದರು. "ನನ್ನವಳು ಮೇಲಿದಾಳೆ," ಎಂದರು. "ಆರನೇದ್ರಲ್ಲಿ. ಅವಳಿಗೆ ಮೆಟ್ಟಿಲು ಇಳಿಯೋಕಾಗಲ್ಲಪ್ಪ. ಮಂಡಿ..." ಲಿಫ್ಟು ಈಗಿಲ್ಲ ಎಂಬುದು ಅವರಿಗೂ ಮೆಕ್ಯಾನಿಕ್‌ಗೂ ಒಟ್ಟಿಗೇ ಹೊಳೆಯಿತು. ಅದನ್ನು ಕೆಡಿಸಿದ್ದು ಯಾರು ಎಂಬುದೂ ಹೊಳೆಯಿತು. ಮೆಕ್ಯಾನಿಕ್ ಬಡಗಿಯ ತೋಳು ಹಿಡಿದೆಳೆದುಕೊಂಡು, ಆವತ್ತು ಮೂರನೆಯ ಸಲ, ಮೆಟ್ಟಿಲಿನ ಕಡೆ ಓಡಿದ.

ಆಕೆಯನ್ನು ಊಟದ ಕುರ್ಚಿಯಲ್ಲಿ ಕೂರಿಸಿ ಇಬ್ಬರೂ ಹೊತ್ತು ತಂದರು. ದಪ್ಪ ಹೆಂಗಸು, ದಾರಿಯುದ್ದಕ್ಕೂ "ನನ್ನನ್ನ ಬಿಟ್ಟು ಹೋಗ್ರೋ ಮಕ್ಕಳಾ" ಎನ್ನುತ್ತ ಅವನ ಕಾಲರನ್ನು ಮಾತ್ರ ಬಿಗಿಯಾಗಿ ಹಿಡಿದುಕೊಂಡಿದ್ದರು. ಮಹಡಿ ಮಹಡಿಯಲ್ಲೂ ಬ್ಯಾಂಕಿನವರು ಬಾಗಿಲು ಬಡಿಯುತ್ತಿದ್ದರು. ಆ ಬಣ್ಣದೊಳಗಿನ ಗೆರೆ ಈಗ ಕೂದಲಲ್ಲ ಎಂಬುದು ಎಲ್ಲರಿಗೂ ಕಾಣುತ್ತಿತ್ತು. ಒಂದು ಕಡೆ ಬಣ್ಣ ಸಿಪ್ಪೆಯಾಗಿ ಎದ್ದು ಒಳಗಿನ ಇಟ್ಟಿಗೆ ತೋರಿಸುತ್ತಿತ್ತು. ಜನ ಓಡಲೂ ಇಲ್ಲ, ಕೂಗಲೂ ಇಲ್ಲ. ಜೋರಾಗಿ ಕಾಲಿಟ್ಟರೆ ಏನಾದೀತೋ ಎಂಬಂತೆ ಮೆಲ್ಲಗೆ, ಉಸಿರು ಬಿಗಿಹಿಡಿದು ಇಳಿದರು.

ರಸ್ತೆಯಾಚೆ ನಿಂತಾಗ ಎಲ್ಲರ ಕೈಯಲ್ಲೂ ಏನೋ ಒಂದಿತ್ತು. ಒಬ್ಬರು ಇಸ್ತ್ರಿ ಪೆಟ್ಟಿಗೆ ತಂದಿದ್ದರು, ಒಬ್ಬರು ಒಂದೇ ಚಪ್ಪಲಿ. ಕಾರ್ಯದರ್ಶಿಗಳ ಕಂಕುಳಲ್ಲಿ ಸರ್ವಿಸ್ ಪುಸ್ತಕ ಇತ್ತು; ಅದನ್ನು ಯಾಕೆ ತಂದೆ ಎಂಬಂತೆ ಅವರು ಅದನ್ನೇ ನೋಡಿ, ಮೆಲ್ಲಗೆ ಮೆಕ್ಯಾನಿಕ್‌ನ ಮುಂದೆ ಹಿಡಿದರು. ಪೆನ್ನನ್ನೂ ಕೊಟ್ಟರು. ಅವನು ಮೊಣಕಾಲ ಮೇಲಿಟ್ಟುಕೊಂಡು, ಇವತ್ತಿನ ದಿನಾಂಕದ ಮುಂದೆ, 'ಶಬ್ದ ಇದೆ' ಎಂದು ಬರೆದು ಸಹಿ ಮಾಡಿದ. ದೂರದಲ್ಲಿ ಅಗ್ನಿಶಾಮಕದ ಗಂಟೆ ಕೇಳಿಸುತ್ತಿತ್ತು. ಹೊಂಡದ ಪಂಪು ಇನ್ನೂ ಓಡುತ್ತಲೇ ಇತ್ತು, ಕೊಳವೆಯಿಂದ ಬಗ್ಗಡ ಬರುತ್ತಲೇ ಇತ್ತು. ಬಿಸಿಲಿನಲ್ಲಿ ಕಟ್ಟಡ ಹೊಸ ಬಣ್ಣದಲ್ಲಿ ಲಕ್ಷಣವಾಗಿ ನಿಂತಿತ್ತು.

ಫುಟ್‌ಪಾತಿನ ಮೇಲೆ ಮಕ್ಕಳು ಸಾಲಾಗಿ ಕೂತಿದ್ದವು. ಔಟಾಗಿದ್ದವನನ್ನು ಅವನ ತಾಯಿಯೇ ತಂದು, ಅವನ ಗಂಟನ್ನು ಅವನ ಕೈಗೆ ಕೊಟ್ಟು, ತಾನೂ ಪಕ್ಕದಲ್ಲಿ ಕೂತಿದ್ದಳು. ಅಕ್ಕ ಒಂದು ಕಡೆಯಿಂದ ತಲೆ ಎಣಿಸುತ್ತ ಹೋಗಿ, ಮುಗಿದ ಮೇಲೆ ಮತ್ತೆ ಮೊದಲಿನಿಂದ ಎಣಿಸುತ್ತಿದ್ದಳು. ಹನ್ನೊಂದು ಮಕ್ಕಳ ಕೈಯಲ್ಲೂ ಈಗ ಒಂದೊಂದು ಗಂಟಿತ್ತು.

"ಮಾಮಾ," ಎಂದಿತು ಕೊನೆಯಲ್ಲಿದ್ದ ಪುಟ್ಟ ಹುಡುಗಿ. ಬಿಗಿಹಿಡಿದು ಹಿಡಿದು ಅದರ ಬೆರಳು ಕೆಂಪಾಗಿದ್ದವು. "ಈಗ ಬಿಡ್ಲಾ?"

ಮೆಕ್ಯಾನಿಕ್ ಕಟ್ಟಡದ ಕಡೆ ಒಂದು ಸಲ ನೋಡಿದ.

"ಇನ್ನೊಂಚೂರು ಹೊತ್ತು ಹಿಡ್ಕೋ ಪುಟ್ಟಿ," ಎಂದ. ದಾರದ ತುದಿಯಲ್ಲಿ, ಎಣಿಕೆ ತಪ್ಪಿ ಹಾಕಿದ್ದ ಹನ್ನೆರಡನೆಯ ಗಂಟು ನೆಲದ ಮೇಲೆ ಬಿದ್ದಿತ್ತು. ಅವನು ಹುಡುಗಿಯ ಪಕ್ಕದಲ್ಲಿ ಕೂತು ಅದನ್ನು ಕೈಗೆತ್ತಿಕೊಂಡ.